ಬೀಗರಿಬ್ಬರ ನಡುವೆ ಸಿಕ್ಕಿಬಿದ್ದ ಸರ್ವರ್

ಇಟ್ಟಂಗಿಹಾಳದ ನಮ್ಮ ಅಜ್ಜಿ, ಪರಸವ್ವ ಆಯಿ ಹೇಳುವ ಕಥೆಗಳಲ್ಲಿ ರಾಕ್ಷಸನ ಜೀವ ಎಂದೂ ರಾಕ್ಷಸನ ಮೈಯಲ್ಲಿ ಇರುವುದಿಲ್ಲ. ಅದು ಏಳು ಹೊಳೆಯಾಚೆ, ಏಳು ಗುಡ್ಡದಾಚೆ, ಒಂದು ಗಿಳಿಯ ಗಂಟಲಲ್ಲಿ ಇರುತ್ತದೆ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿರುವ ನಮ್ಮ ದ್ರಾಕ್ಷಿ ಬೆಳೆಗಾರರ ಸಂಘದ ಜೀವ ಅಷ್ಟು ದೂರ ಇರಲಿಲ್ಲ. ಅದು ಮೇಲಿನ ಮಹಡಿಯ ತಣ್ಣನೆಯ ಕೋಣೆಯಲ್ಲಿ, ಟ್ರಂಕಿನಷ್ಟು ದೊಡ್ಡ ಕರಿಯ ಪೆಟ್ಟಿಗೆಯೊಳಗೆ ಇತ್ತು. ಅದರ ಹೆಸರು ಡೈರೆಕ್ಟರಿ ಸರ್ವರ್. ಆ ಗಿಳಿಗೆ ಕಾಳು ನೀರು ಹಾಕುವ ಕೆಲಸ ಮಶಾಕಸಾಬ ಮಾಮಾ ಅವರದು. ಕೆಳಗಿನ ಮಹಡಿಯಲ್ಲಿ ಕುಳಿತು ಬಂದವರಿಗೆ ಕಾರ್ಡು ಬರೆದುಕೊಡುವ ಕೆಲಸ ನನ್ನದು.

ಆ ಪೆಟ್ಟಿಗೆಯ ಸ್ವಭಾವ ನಮ್ಮೂರ ಕಟ್ಟೆಯ ಮೇಲಿನ ಹಿರಿಯರದ್ದೇ. ಸಂಘದಲ್ಲಿ ಯಾರು ಬಾಗಿಲಿಗೆ ಕಾರ್ಡು ಹಿಡಿದರೂ, ಯಾರು ಕಂಪ್ಯೂಟರ್ ತೆರೆದರೂ, ಯಾರು ಅದರಲ್ಲಿ ರಜೆ ಬೇಡಿದರೂ ಅದು ಕೇಳುತ್ತದೆ: ಯಾರು ನೀನು, ಯಾರ ಪೈಕಿ, ನಿನ್ನ ಮೇಲೆ ಯಾರಿದ್ದಾರೆ? ಉತ್ತರ ಸಿಕ್ಕರೆ ಬಾಗಿಲು ತೆರೆಯುತ್ತದೆ. ಇಲ್ಲಿಯ ಬಾಗಿಲಷ್ಟೇ ಅಲ್ಲ, ತಿಕೋಟಾ ಮತ್ತು ಬಬಲೇಶ್ವರದ ಶಾಖೆಗಳಲ್ಲಿ ಒಣದ್ರಾಕ್ಷಿ ತುಂಬಿದ ಕೋಲ್ಡ್ ಸ್ಟೋರೇಜಿನ ಬಾಗಿಲುಗಳೂ ಇದರ ಮಾತನ್ನೇ ಕೇಳುತ್ತಿದ್ದವು.

ಸೋಮವಾರ ಬೆಳಿಗ್ಗೆ ಆ ಸಾಫ್ಟ್‌ವೇರ್ ಮಾಡಿದವರಿಂದ ಮಾಮಾಗೆ ಮೇಲ್ ಬಂತು.

“ನೀಲವ್ವಾ, ನಮ್ಮ ಸರ್ವರದಾಗ ಒಂದು ದೋಷ ಐತಂತ ನೋಡು,” ಎಂದರು ಮಾಮಾ, ಕನ್ನಡಕವನ್ನು ಹಣೆಗೇರಿಸುತ್ತ. “ಒಂದು ನಮೂನಿ ಸುತ್ತಿ ಸುತ್ತಿ ಅಲ್ಲಿಗೇ ಬರೋ ಪ್ರಶ್ನೆ ಇರ್ತದಂತ. ಅದನ್ನ ಕೇಳಿದ್ರ ಇದು ಉತ್ತರಾ ಹುಡಕ್ಕೋಂತ ಹೊಂಟಬಿಡ್ತದಂತ. ಮುಗಿಯೂದ ಇಲ್ಲ. ಉಳದವ್ರನ್ನ ಯಾರನ್ನೂ ಮಾತಾಡ್ಸಂಗಿಲ್ಲ. ಎಲ್ಲಾರ ಸೇವಾನೂ ಬಂದ್.”

ನನಗೆ ಕೂಡಲೇ ತಿಳಿಯಿತು. ಆಯಿಯ ಕಥೆಯಲ್ಲಿ ಒಬ್ಬ ರಾಜ ಮುಗಿಯದ ಕಥೆ ಬೇಕೆಂದು ಹಟ ಹಿಡಿಯುತ್ತಾನೆ. ಒಬ್ಬ ಜಾಣ ಬಂದು ಶುರುಮಾಡುತ್ತಾನೆ: ನಿನ್ನ ಕಣಜಕ್ಕೆ ಒಂದು ಗುಬ್ಬಿ ಬಂತು, ಒಂದು ಜೋಳದ ಕಾಳು ಕಚ್ಚಿಕೊಂಡು ಭುರ್ರೆಂದು ಹೋಯಿತು. ಮುಂದೆ? ಇನ್ನೊಂದು ಗುಬ್ಬಿ ಬಂತು. ರಾಜ ಹೂಂ ಹೂಂ ಎನ್ನುತ್ತ ಕೂತಿರುತ್ತಾನೆ. ಹೊರಗೆ ಮಂತ್ರಿ, ಸೇನಾಪತಿ, ಊಟಕ್ಕೆ ಕರೆಯಲು ಬಂದ ರಾಣಿ, ಎಲ್ಲರೂ ಬಾಗಿಲಲ್ಲಿ ನಿಂತು ಒಣಗುತ್ತಾರೆ. ನಮ್ಮ ಸರ್ವರ್ ಆ ರಾಜ. ಕಂಪನಿಯವರು ಕಳಿಸಿದ್ದ ಪ್ಯಾಚ್ ಅಂದರೆ, ‘ಸಾಕು ಮಾಡೋ ಮಾರಾಯಾ, ಈ ಗುಬ್ಬಿ ಆಗಲೇ ಬಂದು ಹೋಗೇತಿ’ ಎನ್ನುವಷ್ಟು ಬುದ್ಧಿ. ಅದನ್ನು ಹಾಕಿ ಸರ್ವರನ್ನು ಮತ್ತೆ ಚಾಲೂ ಮಾಡಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಸಾಕು.

ಮಾಮಾ ಗುಂಡಿ ಒತ್ತಲು ಬೆರಳೆತ್ತಿದ್ದರು. ಆಗ ಸಂಘದ ಅಧ್ಯಕ್ಷರಾದ ರಾಮಲಿಂಗ ಸಾಹೇಬರು ಒಳಗೆ ಬಂದರು.

“ಏನ್ ಮಾಡಾಕತ್ತೀಯೋ ಮಶಾಕ?”

‘ಸಣ್ಣ ಕೆಲಸರಿ’ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾಮಾ ನಮ್ಮ ಸಂಘದಲ್ಲಿ ಟೆಂಪರರಿ. ಅವರ ಮದುವೆಯ ಪತ್ರಿಕೆಯಲ್ಲೂ ಟೆಂಪರರಿ, ಈಗ ತಲೆ ನರೆತಾಗಲೂ ಟೆಂಪರರಿ. ಅಂಥ ಮನುಷ್ಯ ತನ್ನ ಕೆಲಸವನ್ನು ತಾನೇ ಸಣ್ಣದೆನ್ನಲಾರ.

“ದೊಡ್ಡ ಗಂಡಾಂತರ ಬಂದೈತ್ರಿ ಸಾಹೇಬ್ರ. ಜಗತ್ತಿನಾಗ ಎಲ್ಲಿಂದರ ಕುಂತು ಯಾರರ ದಾಳಿ ಮಾಡಿದ್ರ ನಮ್ಮ ಒಂದ ಬಾಗಿಲಾನೂ ತೆರಿಯಂಗಿಲ್ರಿ. ತಡಿಯಾಂವ ನಾ ಒಬ್ಬನ ಅದೀನಿ.”

ಅಧ್ಯಕ್ಷರ ಮುಖ ಅರಳಿತು. “ಜಗತ್ತಿನಾಗಿಂದ? ನಮ್ಮ ಸಂಘದ ಹೆಸರು ಅಷ್ಟ್ ದೂರ ಮುಟ್ಟೇತೇನ?”

“ಮುಟ್ಟದ ಏನ್ರಿ!”

“ಹಂಗಾರ ಇದನ್ನ ಮುಚ್ಚಿ ಮುಚ್ಚಿ ಮಾಡಬ್ಯಾಡ. ಗುರುವಾರ ಸಮಾರಂಭ ಇಡೂಣು. ಎಲ್ಲಾ ಸದಸ್ಯರ ಮುಂದ ಪ್ಯಾಚ್ ಹಾಕು. ಅಲ್ಲೇ ವೇದಿಕಿ ಮ್ಯಾಲ ನಿನಗ ಪರ್ಮನೆಂಟ್ ಆರ್ಡರ್ ಕೊಡ್ತೀನಿ.”

ಮಾಮಾರ ಕನ್ನಡಕ ಹಣೆಯಿಂದ ತಾನಾಗಿ ಜಾರಿ ಮೂಗಿನ ಮೇಲೆ ಕೂತಿತು. “ಸಾಹೇಬ್ರ, ಪ್ಯಾಚ್ ಈಗ ಹಾಕಿಬಿಡ್ತೀನ್ರಿ. ಸಮಾರಂಭ ಬೇಕಾದ್ರ ಗುರುವಾರ…”

“ಉದ್ಘಾಟನಾ ಆಗೂಕ್ಕಿಂತ ಮೊದಲ ಬಳಸೂದಾ? ಈ ಸಂಘದಾಗ ಬೋರವೆಲ್ಲಿಗೂ ರಿಬ್ಬನ್ ಕತ್ತರಿಸಿದ ಮ್ಯಾಲ ನೀರು ಕುಡದೀವಿ. ಮತ್ತ ಒಂದ ಮಾತು ನೆನಪಿಡು. ಸಭಾದಾಗ ಎಡವಟ್ಟಾತು ಅಂದ್ರ, ಹಾಕಿದ ಹಾರ ಹಂಗ ಕೊಳ್ಳಾಗ ಇಟ್ಕೊಂಡು ಮನಿಗೆ ನಡಿ. ಹೊಳ್ಳಿ ಬರಬ್ಯಾಡ.”

ಅಂದು ಸಂಜೆ ಸುದ್ದಿ ಮಾಮಾಗಿಂತ ಮೊದಲೇ ಅವರ ಮನೆಯಿರುವ ಇಬ್ರಾಹಿಂಪುರ ಮುಟ್ಟಿತ್ತು. ಅಲ್ಲಿ ನಡೆದದ್ದನ್ನು ಅವರ ಹೆಂಡತಿ ಗುಲಶನ ಮಾಮಿ ನನಗೆ ಅಭಿನಯಸಹಿತ ಹೇಳಿದ್ದಾರೆ. ಓಣಿಯ ಹೆಂಗಸರೆಲ್ಲ ಮನೆ ಮುಂದೆ ನೆರೆದಿದ್ದರಂತೆ. ಪಕ್ಕದ ಮನೆಯ ತಸ್ಲೀಮ ಎಲ್ಲರಿಗಿಂತ ಮುಂದೆ.

“ಭಾಯಿ, ಆ ದಾಳಿ ಮಾಡೋರು ರೈಲಿಗೆ ಬರ್ತಾರೋ ಬಸ್ಸಿಗೆ ಬರ್ತಾರೋ? ರೈಲಿಗೆ ಅಂದ್ರ ಮೊದಲ ನಮ್ಮ ಓಣಿನ ಸಿಗ್ತದ.”

ಇದು ಕಂಪ್ಯೂಟರಿನ ಮಾತು ಎಂದು ಬಿಡಿಸಿ ಹೇಳಬಹುದಿತ್ತು. ಮಾಮಾ ಆಕಾಶ ನೋಡಿದರು. “ಅವ್ರು ಬರೂದ ಕಣ್ಣಿಗೆ ಕಾಣಂಗಿಲ್ಲ ತಸ್ಲೀಮ. ಕುಂತಲ್ಲಿಂದನ ಬರ್ತಾರ.”

“ಯಾ ಅಲ್ಲಾ! ಜಿನ್ನ ಏನ ಮತ್ತ?”

“ಜಿನ್ನಕ್ಕಿಂತ ಜೋರ.”

ಗುಲಶನ ಮಾಮಿ ಒಳಗಿಂದ ಬಂದರು. “ಮೊನ್ನೆ ಅಡಗಿ ಮನ್ಯಾಗ ಹಲ್ಲಿ ಬಂದ್ರ ಸ್ಟೂಲ್ ಹತ್ತಿ ನಿಂತಿದ್ರಿ. ಈಗ ಜಗತ್ತಿನ ದಾಳಿ ತಡಿಯಾವ್ರು. ಒಳಗ ನಡೀರಿ, ಮೊದಲ ಮಿಕ್ಸರ್ ನೋಡ್ರಿ. ಅದೂ ಸೇವಾ ಬಂದ್ ಮಾಡೇತಿ.”

ಮಿಕ್ಸರಿನ ಮಾತು ಕೇಳಿದ್ದೇ ತಡ, ಬೆಳಗಾಗುವಷ್ಟರಲ್ಲಿ ಓಣಿಯ ಕೆಟ್ಟ ಫ್ಯಾನು, ಇಸ್ತ್ರಿಪೆಟ್ಟಿಗೆ, ಮಾತಾಡದ ರೇಡಿಯೊ ಎಲ್ಲ ಮಾಮಾರ ಕಟ್ಟೆಗೆ ಬಂದು ಕೂತವು. ಜಿನ್ನವನ್ನೇ ತಡೆಯುವವನಿಗೆ ಫ್ಯಾನು ಯಾವ ಲೆಕ್ಕ?

ಗುರುವಾರ ಬಂತು. ಮಹಡಿಯ ಪಡಸಾಲೆಯಲ್ಲಿ ಶಾಮಿಯಾನ, ಕುರ್ಚಿ, ಹಲಗಿ ಬಾರಿಸುವವರು. ‘ಸರ್ವರ್‌ಗೆ ಪ್ಯಾಚ್ ಹಾಕುವ ಭವ್ಯ ಸಮಾರಂಭ’ ಎಂಬ ಬ್ಯಾನರಿನಲ್ಲಿ ಅಧ್ಯಕ್ಷರ ಚಿತ್ರ ಬಾಗಿಲಿನಷ್ಟು, ಮಾಮಾರ ಚಿತ್ರ ಅಂಚೆ ಚೀಟಿಯಷ್ಟು. ಸರ್ವರಿನದು ಇರಲೇ ಇಲ್ಲ. ತಿಕೋಟಾ ಶಾಖೆಯ ಮ್ಯಾನೇಜರ್ ಯಲಗೂರಪ್ಪನವರಿಗೂ ಬಬಲೇಶ್ವರದ ಮ್ಯಾನೇಜರ್ ಶಂಕರೆಪ್ಪನವರಿಗೂ ಬರಬೇಡಿರೆಂದು ಅಪ್ಪಣೆಯಾಗಿತ್ತು. ದಾಳಿಯಾದರೆ ಠಾಣ್ಯದಲ್ಲಿ ಸರದಾರರು ಇರಬೇಕಲ್ಲ.

ಸರ್ವರ್ ಕೋಣೆಯ ಬಾಗಿಲು ಪುಣೆಯಿಂದ ತರಿಸಿದ ಉಕ್ಕಿನದು. ಮಧ್ಯದಲ್ಲಿ ಅಧ್ಯಕ್ಷರ ಹೆಸರಿನ ಹಿತ್ತಾಳೆ ಫಲಕ. ಮಾಮಾ ಒಳಗೆ ಎಲ್ಲ ಸಿದ್ಧಮಾಡಿಕೊಂಡು, ಬೆರಳಿಗೆ ಊದಿಕೊಂಡು ಕುಳಿತಿದ್ದರು.

“ಹೊರಗ ಬಾರೋ, ಹಾರ ಹಾಕೂದೈತಿ!” ಎಂದರು ಅಧ್ಯಕ್ಷರು.

ಮಾಮಾ ಹೊರಗೆ ಬಂದರು. ಬಾಗಿಲು ಹಿಂದೆ ‘ಠಕ್’ ಎಂದು ಮುಚ್ಚಿಕೊಂಡಿತು. ಹಾರ ಬಿತ್ತು, ಹಲಗಿ ಮೊಳಗಿತು, ತೆಂಗಿನಕಾಯಿ ಒಡೆಯಿತು. ಮಾಮಾ ಹಾರ ಸರಿಪಡಿಸಿಕೊಂಡು ಬಾಗಿಲಿಗೆ ಕಾರ್ಡು ಹಿಡಿದರು. ಹಸಿರು ದೀಪ ಬರಬೇಕಿತ್ತು. ಹಳದಿ ಬಂತು. ಹಳದಿಯಾಗಿಯೇ ಉಳಿಯಿತು.

ಕಾರ್ಡನ್ನು ಅಂಗಿಗೆ ಒರೆಸಿ ಹಿಡಿದರು. ಉಲ್ಟಾ ಹಿಡಿದರು. ಹಳದಿ.

“ಸರಿ, ಸರಿ ಅತ್ತಾಗ,” ಎಂದು ಅಧ್ಯಕ್ಷರು ತಮ್ಮ ಕಾರ್ಡನ್ನೇ ಹಿಡಿದರು. ಅವರಿಗೂ ಹಳದಿ. “ಯಾಕ, ನಾ ಯಾರಂತ ಗೊತ್ತಿಲ್ಲೇನ ಇದಕ್ಕ? ಈ ಬಾಗಿಲಾ ನಾನ ಉದ್ಘಾಟನಾ ಮಾಡೀನಿ!”

“ವಿಚಾರ ಮಾಡಾಕತ್ತೈತ್ರಿ ಸಾಹೇಬ್ರ.”

“ನನ್ನ ಬಗ್ಗೆ ವಿಚಾರ ಮಾಡೂದ ಏನೈತಿ ಅದ್ರಾಗ?”

ಹಿಂದಿನ ಸಾಲಿನಿಂದ ಯಾರೋ ಕೂಗಿದರು, “ದಾಳಿ ಸುರು ಆತಲೇ!”

ಮುಂದಿನದು ಯುದ್ಧಕಾಂಡ. ಒಬ್ಬರು ಓಡಿಹೋಗಿ ಬೀದಿಯ ಗೇಟು ಹಾಕಿದರು. ಹಲಗಿಯವರು ಏನು ಮಾಡಬೇಕೆಂದು ತಿಳಿಯದೆ ಇನ್ನೂ ಜೋರಾಗಿ ಬಾರಿಸಿದರು. ಒಣದ್ರಾಕ್ಷಿ ದರ ಕೇಳಲು ಸೋಲಾಪುರದಿಂದ ಬಂದಿದ್ದ ವ್ಯಾಪಾರಿಯೊಬ್ಬ ಮೂಲೆಯಲ್ಲಿ ಕೂತು ಮೊಬೈಲು ಒತ್ತುತ್ತಿದ್ದ. ನಾಲ್ಕಾರು ಜನ ಅವನ ಮೇಲೆ ಬಿದ್ದರು.

“ಏನ್ ಒತ್ತಾಕತ್ತೀಯೋ? ಯಾರಿಗೆ ಕಳಸ್ತಿ?”

“ಮನಿಯವ್ರಿಗೆ ಹೋ… ಭಾಜಿ ಏನ್ ತರ್ಲಿ ಅಂತ…”

ಮೊಬೈಲು ಕಸಿದು ನೋಡಿದರು. “ಹೀರೀಕಾಯಿ ಅಂತ ಉತ್ತರಾ ಬಂದೈತಿ ನೋಡ್ರಿ. ಈಗ ಹೀರೀಕಾಯಿ ಎಲ್ಲಿ ಸಿಗ್ತಾವ? ಇದು ಗುಪ್ತ ಮಾತು!” ಅವನನ್ನು ಕುರ್ಚಿಗೆ ಒತ್ತಿ ಹಿಡಿದರು. ಆದರೂ ಪರವೂರಿನಿಂದ ಬಂದವನೆಂದು, ಹಿಡಿದುಕೊಂಡೇ ಚಹಾ ಕುಡಿಸಿದರು.

“ಕರೆಂಟ್ ತಗಿ!” ಅಧ್ಯಕ್ಷರು ಗರ್ಜಿಸಿದರು.

“ಬ್ಯಾಟರಿ ಒಳಗ ಐತ್ರಿ. ದಿನಾ ಪೂರ್ತಿ ಕರೆಂಟ್ ಹ್ವಾದ್ರೂ ನಿಲ್ಲಬಾರದು ಅಂತ ನೀವ ಹೇಳಿದ್ರಲ್ರಿ.”

“ಬಾಗಿಲಾ ಒಡಿ!”

“ಒಡೀಲೇನ್ರಿ?”

ಅಧ್ಯಕ್ಷರು ಹಿತ್ತಾಳೆ ಫಲಕದಲ್ಲಿ ತಮ್ಮ ಹೆಸರನ್ನು ಓದಿಕೊಂಡರು. “ಬ್ಯಾಡ.”

ಈ ಹೊತ್ತಿನಲ್ಲಿ ಅಧ್ಯಕ್ಷರ ನಿಲುವಿನಲ್ಲಿ ಒಂದು ಬದಲಾವಣೆ ಕಂಡಿತು. ಅವರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದರು. ಸಮಾರಂಭಕ್ಕೆ ಮುನ್ನ ಸದಸ್ಯರ ಒತ್ತಾಯಕ್ಕೆ ಕಬ್ಬಿನ ಹಾಲು ಬೇಕಾದಷ್ಟು ಕುಡಿದಿದ್ದರು. ಮೇಲಿನ ಮಹಡಿಯ ಅಧಿಕಾರಿಗಳ ಶೌಚಾಲಯಕ್ಕೆ ಘನತೆಗಾಗಿ ಅವರೇ ಕಾರ್ಡಿನ ಬೀಗ ಹಾಕಿಸಿದ್ದರು. ಹೋಗಿ ಹಿಡಿದು ನೋಡಿದರು. ಹಳದಿ. ಕೆಳಗಿನದು ಹೊಸದಾಗಿ ಕಟ್ಟಿಸಿದ್ದು. ಅದರ ಬಾಗಿಲಿಗೆ ರಿಬ್ಬನ್ ಕಟ್ಟಿತ್ತು, ಇನ್ನೂ ಉದ್ಘಾಟನೆ ಆಗಿರಲಿಲ್ಲ. ಇಷ್ಟು ಸದಸ್ಯರ ಕಣ್ಣೆದುರು ತಮ್ಮ ನಿಯಮವನ್ನು ತಾವೇ ಮುರಿಯುವುದುಂಟೆ?

“ಮಶಾಕ,” ಎಂದರು ಹಲ್ಲು ಕಚ್ಚಿ, “ಲಗೂನ ಏನರ ಮಾಡು. ಇಲ್ಲಂದ್ರ ನಿನ್ನ ನೌಕರಿ ಇವತ್ತಿಗೆ ಮುಗೀತು.”

ಆಗ ಮಾಮಾರ ಫೋನು ರಿಂಗಣಿಸಿತು. ತಿಕೋಟಾದಿಂದ ಯಲಗೂರಪ್ಪನವರು.

“ಮಶಾಕ, ಇಲ್ಲಿ ಎಲ್ಲಾ ಬಾಗಿಲಾ ಬಂದ್ ಆಗ್ಯಾವಪಾ. ನಾ ಏನೂ ಮಾಡಿಲ್ಲ. ಸೋಮವಾರಕ್ಕ ರಜಾ ಹಾಕಿ ಗುಂಡಿ ಒತ್ತೀನಿ, ಅಷ್ಟ. ಮೊಮ್ಮಗನ ತೊಟ್ಟಿಲ ಕಾರ್ಯ ಐತಿ, ಈಗ ಸ್ವಾಮ್ಯಾರು ಫೋನ್ ಮಾಡಿ ಒಳ್ಳೆ ದಿನಾ ಹೇಳಿದ್ರು. ಒತ್ತಿದಾಗಿಂದ ಚಕ್ರ ತಿರಗಾಕತ್ತೈತಿ.”

ಅಷ್ಟರಲ್ಲಿ ನನ್ನ ಫೋನು. ಬಬಲೇಶ್ವರದಿಂದ ಶಂಕರೆಪ್ಪನವರು. “ನೀಲವ್ವಾ, ನಾ ಸೋಮವಾರದ ರಜಾ ಹಾಕಿದ್ದೆ. ಮೊಮ್ಮಗನ ತೊಟ್ಟಿಲ…”

ಮೊಮ್ಮಗ ಒಬ್ಬನೇ. ಯಲಗೂರಪ್ಪನವರ ಮಗಳನ್ನು ಶಂಕರೆಪ್ಪನವರ ಮಗನಿಗೆ ಕೊಟ್ಟಿದ್ದಾರೆ. ಇಬ್ಬರೂ ಬೀಗರು.

ಮಾಮಾ ಹಾರದೊಳಗೇ ಬೆವೆತರು. “ಯಲಗೂರಪ್ಪ ಸಾಹೇಬ್ರ, ರಜಾ ಹಾಕೂ ಮುಂದ ನಿಮ್ಮ ಮೇಲಧಿಕಾರಿ ಹೆಸರು ತುಂಬ್ರಿ ಅಂತ ಹೇಳಿದ್ದೆ. ಯಾರದು ತುಂಬೀರಿ?”

“ನಮ್ಮ ಬೀಗರದು. ಹೆಣ್ಣ ಕೊಟ್ಟಾಂವ ನಾ. ಅವ್ರಕಿಂತ ಮ್ಯಾಲ ಹೆಂಗ ಕುಂದರ್ಲಿ?”

ನಾನು ಅದೇ ಪ್ರಶ್ನೆಯನ್ನು ಶಂಕರೆಪ್ಪನವರಿಗೆ ಕೇಳಿದೆ. “ಬೀಗರದು ಬರದೀನವಾ. ಮಗಳನ್ನ ಕೊಟ್ಟು ನಮ್ಮ ಮನಿ ಬೆಳಗ್ಯಾರ. ಅವ್ರಕಿಂತ ದೊಡ್ಡವ್ರು ನನಗ ಯಾರ ಅದಾರ?”

ಹೀಗೆ, ರಜೆ ಮಂಜೂರು ಮಾಡಲು ಸರ್ವರ್ ಕೇಳಿತ್ತು: ಯಲಗೂರಪ್ಪನವರ ಮೇಲೆ ಯಾರು? ಶಂಕರೆಪ್ಪ. ಶಂಕರೆಪ್ಪನವರ ಮೇಲೆ ಯಾರು? ಯಲಗೂರಪ್ಪ. ಅವರ ಮೇಲೆ? ಗುಂಡಿ ಒತ್ತಿದಾಗಿನಿಂದ ಆ ಬಡಪಾಯಿ ತಿಕೋಟಾಕ್ಕೂ ಬಬಲೇಶ್ವರಕ್ಕೂ ಓಡಾಡುತ್ತಲೇ ಇತ್ತು. ಜಗತ್ತಿನ ಯಾವುದೋ ಮೂಲೆಯಿಂದ ಬರಬೇಕಿದ್ದ ದಾಳಿ, ಇಬ್ಬರು ಸಜ್ಜನರ ಮರ್ಯಾದೆಯಿಂದ ಬಂದುಬಿಟ್ಟಿತ್ತು.

“ಇಬ್ಬರೂ ‘ರದ್ದು’ ಒತ್ತಿದ್ರ ಬಿಡ್ತದ,” ಎಂದು ಮಾಮಾ ಎರಡೂ ಫೋನುಗಳನ್ನು ಜೋರುಮಾಡಿ ಎದುರುಬದುರು ಹಿಡಿದರು. ಅದೇ ತಪ್ಪಾಯಿತು.

“ಯಾರು, ಬೀಗರೇನ್ರಿ? ನಮಸ್ಕಾರ್ರಿ!”

“ನಮಸ್ಕಾರ್ರಿ ಬೀಗರ! ನಾಷ್ಟಾ ಆತ್ರಿ?”

“ಆತ್ರಿ. ಬೀಗಿತ್ಯಾರ ಮಣಕಾಲ ನೋವು ಹೆಂಗೈತ್ರಿ?”

“ಸಾಹೇಬ್ರ, ರದ್ದು ಒತ್ರಿ!” ಮಾಮಾ ಕೂಗಿದರು.

“ಬೀಗರು ಮೊದಲ ಒತ್ಲಿ.”

“ಛೇ ಛೇ, ನೀವು ಇರಾಕ ನಾ ಮೊದಲ ಒತ್ತತೀನೇನ್ರಿ? ಮೊಮ್ಮಗನ ತೊಟ್ಟಿಲದ ರಜಾನ ಮೊದಲ ರದ್ದು ಮಾಡಿದಾಂವ ಅಂತ ನಾಳೆ ಮಂದಿ ಆಡ್ಕೋತಾರ.”

“ನನಗೂ ಅದ ಮಾತ್ರಿ. ನೀವ ಒತ್ರಿ.”

“ನೀವ.”

ಅಧ್ಯಕ್ಷರು ಗೋಡೆ ಹಿಡಿದು ನಿಂತಿದ್ದರು. ಅವರ ಕಣ್ಣಲ್ಲಿ ಒಂದು ಜಾತಿಯ ಪ್ರಾರ್ಥನೆ ಇತ್ತು. ಮಾಮಾ ನನ್ನ ಫೋನನ್ನು ಹಿಂದಕ್ಕೆ ಕೊಟ್ಟು, ದೂರ ಹೋಗೆಂದು ಸನ್ನೆ ಮಾಡಿದರು. ನಂತರ ತಮ್ಮ ಫೋನಿಗೆ ಬಾಯಿ ಹತ್ತಿಸಿ ಮೆಲ್ಲಗೆ ಹೇಳಿದರು, “ಯಲಗೂರಪ್ಪ ಸಾಹೇಬ್ರ, ಶಂಕರೆಪ್ಪ ಸಾಹೇಬ್ರು ಆಗಲೇ ಒತ್ಯಾರ್ರಿ. ನಿಮಗ ಮುಜುಗರ ಆಗಬಾರದು ಅಂತ ಬಾಯಿ ಬಿಡ್ವಲ್ರು.”

ನಾನೂ ಮೆಟ್ಟಿಲ ಹತ್ತಿರ ನಿಂತು ಅದೇ ಮಾತನ್ನು ಹೆಸರು ಬದಲಿಸಿ ಶಂಕರೆಪ್ಪನವರಿಗೆ ಹೇಳಿದೆ.

ಎರಡೂ ಫೋನುಗಳಿಂದ ಒಂದೇ ಉಸಿರಿಗೆ ಬಂತು: “ಅಯ್ಯಯ್ಯಯ್ಯ! ಬೀಗರಿಗೆ ಇಷ್ಟೊತ್ತು ಕಾಯ್ಸಿದ್ನಲ್ಲ!”

ಹಸಿರು ದೀಪ ಹತ್ತಿತು. ಮಾಮಾ ಒಂದು ಬಾಗಿಲಿಗೆ ಓಡಿದರು, ಅಧ್ಯಕ್ಷರು ಇನ್ನೊಂದಕ್ಕೆ. ಹಲಗಿಯವರು ಇದೇ ಮುಹೂರ್ತವೆಂದು ತಿಳಿದು ಬಾರಿಸತೊಡಗಿದರು. ಇಬ್ಬರೂ ಹೊರಬಂದಾಗ ಇಬ್ಬರ ಮುಖದಲ್ಲೂ ಒಂದೇ ಬಗೆಯ ಸಮಾಧಾನವಿತ್ತು. ಪ್ಯಾಚ್ ಕೂತಿತ್ತು, ಸರ್ವರ್ ಮತ್ತೆ ಎದ್ದಿತ್ತು. ಸೋಲಾಪುರದ ವ್ಯಾಪಾರಿಗೆ ಮೊಬೈಲನ್ನೂ ಎರಡನೆಯ ಚಹಾವನ್ನೂ ಕೊಟ್ಟು ಬಿಟ್ಟರು.

ತಾಸೆರಡು ತಾಸಿನ ಭಾಷಣಗಳು ಮುಗಿಯುವಷ್ಟರಲ್ಲಿ ಅಧ್ಯಕ್ಷರ ಸಮಾಧಾನವೂ ಮುಗಿಯಿತು. ಸದಸ್ಯರೆಲ್ಲ ತಮ್ಮನ್ನು ನೋಡಿ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದದ್ದು ಅವರ ಕಣ್ಣಿಗೆ ಬಿತ್ತು. ಪರ್ಮನೆಂಟ್ ಆರ್ಡರನ್ನು ಜೇಬಿಗೆ ಹಾಕಿಕೊಂಡರು.

“ಎಡವಟ್ಟಾತೋ ಇಲ್ಲೋ? ಹಾರ ಕೊಳ್ಳಾಗ ಐತಿ. ಮನಿಗೆ ನಡಿ.”

ಮಾಮಾ ಮೆಟ್ಟಿಲ ಕಡೆ ನಡೆದರು. ಆದರೆ ಇಳಿಯಲು ದಾರಿ ಇರಲಿಲ್ಲ. ಮೆಟ್ಟಿಲ ಬುಡದಲ್ಲಿ, ತಂತಮ್ಮ ಶಾಖೆಗಳಿಂದ ಓಡಿಬಂದಿದ್ದ ಯಲಗೂರಪ್ಪನವರೂ ಶಂಕರೆಪ್ಪನವರೂ ‘ನೀವು ಮುಂದ, ನೀವು ಮುಂದ’ ಎನ್ನುತ್ತ ನಿಂತಿದ್ದರು. ಕೊನೆಗೆ ಇಬ್ಬರೂ ಜೊತೆಯಾಗಿ ಹೆಜ್ಜೆ ಇಟ್ಟು, ಮೆಟ್ಟಿಲ ಕಂಬಿ ಮತ್ತು ಗೋಡೆಯ ನಡುವೆ ಸಿಕ್ಕಿಕೊಂಡೇ ಮೇಲೆ ಬಂದರು.

“ಸಾಹೇಬ್ರ, ರಜಾ ಸಿಗವಲ್ದು,” ಎಂದರು ಯಲಗೂರಪ್ಪನವರು. “ಮತ್ತೊಮ್ಮೆ ಹಾಕಿದ್ವಿ. ಈಗ ಚಕ್ರಾನೂ ತಿರಗಂಗಿಲ್ಲ. ‘ಮೇಲಧಿಕಾರಿ ಯಾರೆಂದು ತಿಳಿಯುತ್ತಿಲ್ಲ, ಹುಡುಕಾಟ ನಿಲ್ಲಿಸಲಾಗಿದೆ’ ಅಂತ ಮುಖದ ಮ್ಯಾಲ ಹೇಳ್ತದ.”

“ಭಾಳ ಒರಟ ಆಗೇತ್ರಿ ಅದು,” ಎಂದರು ಶಂಕರೆಪ್ಪನವರು.

“ನನ್ನ ಹೆಸರ ಬರೀರಿ,” ಎಂದರು ಅಧ್ಯಕ್ಷರು.

“ನೀವು ಆರಿಸಿ ಬಂದವ್ರು ಸಾಹೇಬ್ರ,” ಎಂದರು ಮಾಮಾ, ಹೊರಟವರು ನಿಂತು. “ಅಲ್ಲಿ ನೌಕರರ ಹೆಸರ ಅಷ್ಟ ಕುಂದರ್ತದ.”

“ಹಂಗಾರ ನಮ್ಮ ಲೆಕ್ಕಿಗನ ಹೆಸರು?”

“ನಮ್ಮ ಕಾಕಾನ ಮಗರಿ ಅಂವ,” ಎಂದರು ಯಲಗೂರಪ್ಪನವರು. “ನಾ ಎತ್ತಿ ಆಡ್ಸೀನಿ. ಅವನ ಮುಂದ ರಜಾ ಬೇಡ್ಲೇನ?”

“ಉಗ್ರಾಣದಾಂವ?”

“ನನ್ನ ಹೆಂಡತಿ ತಮ್ಮ,” ಎಂದರು ಶಂಕರೆಪ್ಪನವರು. “ಅವನ ಕಡೆ ರಜಾ ಕೇಳೂದಕಿಂತ ತೊಟ್ಟಿಲಕ್ಕ ಹೋಗದ ಇರೂದ ಛಲೋ.”

ಹೆಸರು ಹೇಳಿದವರೆಲ್ಲ ಒಬ್ಬರಿಗೆ ಮಾವ, ಇನ್ನೊಬ್ಬರಿಗೆ ಅಳಿಯ. ಕೊನೆಗೆ ಎಲ್ಲರ ಕಣ್ಣೂ ಹಾರ ಹಾಕಿಕೊಂಡು ನಿಂತವರ ಮೇಲೆ ಬಿತ್ತು.

“ಮಶಾಕ ನಿಮಗ ಏನ್ ಆಗಬೇಕು?” ಅಧ್ಯಕ್ಷರು ಕೇಳಿದರು.

“ಏನೂ ಆಗಬೇಕಾಗಿಲ್ರಿ.”

“ನಿಮಗ?”

“ನಮಗೂ ಏನೂ ಇಲ್ರಿ.”

ಸಂಘದ ಇತಿಹಾಸದಲ್ಲಿ ಮೊದಲ ಸಲ, ಯಾರಿಗೂ ಏನೂ ಆಗದಿರುವುದೇ ಅರ್ಹತೆಯಾಯಿತು. ಅಧ್ಯಕ್ಷರು, “ಸರಿ, ಇವನ ಹೆಸರ ಬರೀರಿ” ಎನ್ನಲು ಬಾಯಿ ತೆರೆದರು.

“ಆದ್ರ ಸಾಹೇಬ್ರ,” ಎಂದೆ ನಾನು, “ಟೆಂಪರರಿಯವರ ಹೆಸರನ್ನ ಸರ್ವರ್ ತಗೊಳ್ಳಂಗಿಲ್ರಿ.”

ಮಾಮಾ ತಿರುಗಿ ನನ್ನನ್ನು ನೋಡಿದರು. ಅಂಥದೊಂದು ನಿಯಮವಿದೆ ಎಂಬುದು ಅವರಿಗೂ ಆಗಷ್ಟೇ ತಿಳಿದದ್ದು.

ಬೀಗರಿಬ್ಬರೂ ಅಧ್ಯಕ್ಷರನ್ನು ನೋಡಿದರು. ಆ ಎರಡೂ ಶಾಖೆಯ ಸದಸ್ಯರ ಮತಗಳು ಇವರಿಬ್ಬರ ಮಾತಿನಂತೆ ಬೀಳುವಂಥವು; ತಿಕೋಟಾ ಮತ್ತು ಬಬಲೇಶ್ವರ ಕೂಡಿ ನೋಡಿದರೆ ಮುಂದಿನ ಚುನಾವಣೆಯೂ ನೋಡಿದಂತೆಯೇ. ಅಧ್ಯಕ್ಷರ ಕೈ ತಾನಾಗಿ ಜೇಬಿಗೆ ಹೋಯಿತು. ಆರ್ಡರ್ ಹೊರಬಂತು, ಸಹಿ ಬಿತ್ತು. ಹಲಗಿಯವರು ಈ ಸಲ ಸರಿಯಾದ ಹೊತ್ತಿಗೆ ಬಾರಿಸಿದರು.

ಸೋಮವಾರ ತಿಕೋಟಾದಲ್ಲಿ ತೊಟ್ಟಿಲು ತೂಗಿದರು, ಹೆಸರಿಟ್ಟರು, ಅಂಗಳದ ತುಂಬ ಪಂಕ್ತಿ ಕೂತಿತು. ಮೊದಲ ಎಲೆ ಮಾಮಾರದು, ಅವರ ಎಡಬಲಕ್ಕೆ ಬೀಗರು, ಎದುರಿನ ಹೆಂಗಸರ ಸಾಲಿನಲ್ಲಿ ಗುಲಶನ ಮಾಮಿ ಮತ್ತು ನಾನು. ಹೋಳಿಗೆ ಬಿತ್ತು, ತುಪ್ಪ ಬಿತ್ತು. ಪಂಕ್ತಿಯ ಹಿರಿಯರು ತುತ್ತು ಎತ್ತುವ ತನಕ ಯಾರೂ ಎಲೆ ಮುಟ್ಟುವಂತಿಲ್ಲ.

“ಮೇಲಧಿಕಾರಿಗಳು ಸುರು ಮಾಡ್ಲಿ,” ಎಂದರು ಯಲಗೂರಪ್ಪನವರು.

“ಸುರು ಮಾಡ್ರಿ ಸಾಹೇಬ್ರ,” ಎಂದರು ಶಂಕರೆಪ್ಪನವರು.

ಮಾಮಾ ಕೈ ಚಾಚಿದರು, ಹಿಂದಕ್ಕೆ ಎಳೆದುಕೊಂಡರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. “ನಾ ಹೆಂಗ… ನೀವು ವಯಸ್ಸಿನಾಗ ದೊಡ್ಡವ್ರು…”

ತುಪ್ಪ ಗಟ್ಟಿಯಾಗತೊಡಗಿತು. ಇಡೀ ಪಂಕ್ತಿ ಮಾಮಾರ ಬೆರಳುಗಳನ್ನು ನೋಡುತ್ತಿತ್ತು. ದೂರದ ಸಾಲಿನಲ್ಲಿ ಯಾರದೋ ಹೊಟ್ಟೆ ಗುರ್ರೆಂದಿತು.

ಗುಲಶನ ಮಾಮಿ ಸೆರಗು ಸರಿಪಡಿಸಿಕೊಂಡು, ಎದುರಿನ ಸಾಲಿಗೆ ಕೇಳುವಂತೆ ಅಂದರು, “ಏನ್ರಿ, ತುತ್ತ ಎತ್ತಾಕೂ ಆರ್ಡರ್ ಬೇಕೇನ?”

ಮಾಮಾ ಕಣ್ಣು ಮುಚ್ಚಿದರು. ‘ಬಿಸ್ಮಿಲ್ಲಾ’ ಎಂದರು. ಹೋಳಿಗೆಯನ್ನು ಮಧ್ಯಕ್ಕೆ ಮುರಿದು ಅರ್ಧವನ್ನು ಒಂದೇ ತುತ್ತಿಗೆ ಬಾಯಿಗೆ ತುರುಕಿಕೊಂಡರು. ಅಂಗಳದ ಕೈಗಳೆಲ್ಲ ಒಮ್ಮೆಲೇ ಎಲೆಗೆ ಇಳಿದವು.

“ಇನ್ನೊಂದ ಹಾಕ್ರಿ,” ಎಂದರು ಮಾಮಾ ತುಂಬಿದ ಬಾಯಿಂದಲೇ, ಈ ಸಲ ಯಾರ ಮುಖವನ್ನೂ ನೋಡದೆ.